ಸೊನ್ನೆ ತೋರಿಸಿದ ಊದೋ ಮಷೀನಿಗೆ

ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿನಲ್ಲಿ ವಿರಾಜಮಾನರಾಗಿ, ಕುಡಿದು ಬಂದವರನ್ನು ಒಂದೇ ಉಸಿರಿನಲ್ಲಿ ಪತ್ತೆಹಚ್ಚುವ ಊದೋ ಮಷೀನಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಕುಲುಮೆ ಶೆಡ್ಡಿನ ಯಂಕಪ್ಪ ನಿನ್ನೆ ಆಸ್ಪತ್ರೆಯಿಂದ ಟಿ. ದಾಸರಹಳ್ಳಿಯ ಬಾಡಿಗೆ ಕೋಣೆಗೆ ಮರಳಿದ್ದು, ಎದ್ದು ಕೂತು ಗಂಜಿ ಕುಡಿದನೆಂದು ಅವನ ಹೆಂಡತಿ ಮರೆವ್ವ ತಿಳಿಸಿದ್ದಾಳೆ. ಕುಡಿದು ಕೆಲಸಕ್ಕೆ ಬಂದ ಆರೋಪದ ನೋಟಿಸು ಕೂಡ ಅದೇ ಸಂಜೆ ಅವನ ಕೈಸೇರಿದೆ. ತಾವು ಸೊನ್ನೆ ತೋರಿಸಿದ ಮೇಲೂ ಇದು ಹೇಗಾಯಿತೆಂದು ಕೇಳಲು ಈ ಪತ್ರ.

ಕಳೆದ ಶುಕ್ರವಾರ ಮಧ್ಯಾಹ್ನ ತಮ್ಮ ಪಕ್ಕದ ಪೆಟ್ಟಿಗೆಯಲ್ಲಿ ನಮ್ಮೆಲ್ಲರ ಫೋನುಗಳು ಒಟ್ಟಿಗೆ ಕಿರುಚಿಕೊಂಡದ್ದು ತಮಗೆ ನೆನಪಿರಬಹುದು. ಅದು ವಿಪರೀತ ಶಾಖದ ಎಚ್ಚರಿಕೆ. ನೀರು ಕುಡಿಯುತ್ತಿರಿ, ಆಗಾಗ ತಂಪಿನಲ್ಲಿ ಕೂರಿ, ಯಾರಾದರೂ ತೊದಲಿದರೆ, ತೂರಾಡಿದರೆ ತಕ್ಷಣ ನೆರವಾಗಿ ಎಂದಿತ್ತು. ಒಳಗೆ ಹೋಗುವವರು ಫೋನನ್ನು ಗೇಟಿನಲ್ಲೇ ಬಿಡಬೇಕೆಂಬ ನಿಯಮವಿರುವುದರಿಂದ ಅದನ್ನು ಕೇಳಿಸಿಕೊಂಡವರು ತಾವು ಮತ್ತು ಸೆಕ್ಯೂರಿಟಿಯ ಆಂಜಿನಪ್ಪ ಇಬ್ಬರೇ. ಆಂಜಿನಪ್ಪ, ‘ಯಾವ್ದೋ ಲೋನ್ ಕಂಪನಿಯೋರು’ ಎಂದು ಪೆಟ್ಟಿಗೆಯ ಮುಚ್ಚಳ ಹಾಕಿದ.

ಅತ್ತ ಕುಲುಮೆಯ ಮುಂದೆ ಯಂಕಪ್ಪ ನಮ್ಮ ಸೂಪರ್‌ವೈಸರ್ ಹನುಮಂತರಾಯಪ್ಪನವರ ತೋಳು ಹಿಡಿದು, ‘ಮಾವಾ, ದೇವದುರ್ಗದ ಬಸ್ ಹೋತೇನ್ರಿ?’ ಎಂದು ಕೇಳಿದ. ಅವನ ಊರಿನ ಬಸ್ಸು ಕಾರ್ಖಾನೆಯೊಳಗೆ ಬರುವುದಿಲ್ಲ, ಅವರಿಬ್ಬರ ನಡುವೆ ಯಾವ ನೆಂಟಸ್ತಿಕೆಯೂ ಇಲ್ಲ. ‘ಬೆಳಗ್ಗೆನೇ ಹಾಕ್ಕೊಂಡ್ ಬಂದವ್ನೆ, ಊದಿಸ್ರೀ ಇವನ್ನ’ ಎಂದು ತೀರ್ಪು ಕೊಟ್ಟ ಅವರು, ತೂರಾಡುತ್ತಿದ್ದವನನ್ನು ಉರಿಬಿಸಿಲಿನಲ್ಲಿ ತಮ್ಮ ಸನ್ನಿಧಿಗೆ ನಡೆಸಿದರು. ತಾವು ಸೊನ್ನೆ ಎಂದಿರಿ. ‘ಮಷೀನ್ ಕೆಟ್ಟೈತೆ, ಇನ್ನೊಂದ್ಸಲ ಊದ್ಸು’ ಎಂದು ಹನುಮಂತರಾಯಪ್ಪನವರು ಆಂಜಿನಪ್ಪನಿಗೆ ಹೇಳಿದರು. ತಾವು ಮತ್ತೆ ಸೊನ್ನೆ ಎಂದಿರಿ. ಇನ್ನೂ ಒಮ್ಮೆ ಊದಲು ಹೋದ ಯಂಕಪ್ಪ ಅಲ್ಲೇ ಕುಸಿದ. ‘ಸಾರ್, ಮೈ ಕಾದ ಹಂಚಿನಂಗೈತೆ’ ಎಂದ ಆಂಜಿನಪ್ಪ, ಗಿಡಕ್ಕೆ ಬಿಡುವ ಪೈಪನ್ನು ಅವನ ಮೇಲೆ ತಿರುಗಿಸಿ, ಆಂಬುಲೆನ್ಸ್ ಬರುವ ತನಕ ನೀರು ನಿಲ್ಲಿಸಲಿಲ್ಲ. ಇದು ಶಾಖಾಘಾತ, ಬೆವರಿರಲಿ ಇಲ್ಲದಿರಲಿ, ಮೈ ಸುಡುತ್ತ ಮಾತು ತಪ್ಪಿದವನಿಗೆ ಮೊದಲು ತಣ್ಣೀರು ಹುಯ್ಯಬೇಕು, ಆ ಪೈಪೇ ಅವನನ್ನು ಉಳಿಸಿತು ಎಂದು ಆಸ್ಪತ್ರೆಯ ಡಾಕ್ಟರ್ ನಿವೇದಿತಾ ಹೇಳಿದ್ದಾರೆ.

ತಮ್ಮ ಸತ್ಯನಿಷ್ಠೆಗೆ ಕೈಮುಗಿಯುತ್ತೇನೆ. ನನ್ನ ದೂರಿರುವುದೂ ಅದರ ಮೇಲೆಯೇ. ಕುಡಿದಿದ್ದಾನೆಂದು ತಾವು ಹೇಳಿದವನನ್ನು ಆಂಜಿನಪ್ಪನ ಕೋಣೆಯ ಫ್ಯಾನಿನಡಿ ಕೂರಿಸಿ, ನೀರು ಕೊಟ್ಟು, ಆಟೋ ಹತ್ತಿಸಿ ಮನೆಗೆ ಕಳುಹಿಸುವುದು ಇಲ್ಲಿನ ವಾಡಿಕೆ. ಬಿಸಿಲಿನಲ್ಲಿ ನಿಂತು ಮತ್ತೆ ಮತ್ತೆ ಊದುವ ಯೋಗ ಕುಡಿಯದವನಿಗೆ ಮಾತ್ರ. ಆದ್ದರಿಂದ ಎಚ್ಚರಿಕೆ ಬಂದ ದಿನ ದಯಮಾಡಿ ನಮ್ಮೆಲ್ಲರ ಉಸಿರಿನಲ್ಲೂ ಒಂದೊಂದು ಕ್ವಾರ್ಟರ್ ಕಂಡುಹಿಡಿಯಿರಿ. ಅದಾಗದಿದ್ದರೆ ತಾವೇ ಎದ್ದು ಶೆಡ್ಡಿಗೆ ಬಂದು, ಪೆಟ್ಟಿಗೆಯಲ್ಲಿ ಕೇಳಿದ್ದನ್ನು ಗಟ್ಟಿಯಾಗಿ ಓದಿ. ಅದೂ ಕಷ್ಟವೆಂದರೆ ಹನುಮಂತರಾಯಪ್ಪನವರನ್ನೇ ಒಂದು ಮಧ್ಯಾಹ್ನ ಕುಲುಮೆಯ ಮುಂದೆ ನಿಲ್ಲಿಸಿ, ಅವರು ಯಂಕಪ್ಪನನ್ನು ಎಷ್ಟು ಹೊತ್ತಿಗೆ ಮಾವ ಎನ್ನುತ್ತಾರೆಂದು ಅಳೆದು ತೋರಿಸಿ.

ದಿನವೂ ತಮ್ಮೊಳಗೆ ಊದಿಯೇ ಒಳಬರುವ,
ತಮ್ಮ ವಿಶ್ವಾಸಿ,
ಸಂಗಣ್ಣ, ಕುಲುಮೆ ಶೆಡ್

ವಿ.ಸೂ.: ಡಾಕ್ಟರ ಚೀಟಿ ಗೇಟಿನ ಹೊರಗಿನದೆಂದು ಆಫೀಸಿನವರು ಒಪ್ಪಿಲ್ಲ. ಯಂಕಪ್ಪನ ಕೆಲಸ ಉಳಿಸಲು ಇನ್ನು ತಾವೊಬ್ಬರೇ ಸಾಕ್ಷಿ. ತಾವು ಕೆಟ್ಟಿದ್ದೀರೆಂದು ಹನುಮಂತರಾಯಪ್ಪನವರು ಬರೆದುಕೊಟ್ಟಿರುವುದರಿಂದ ತಮ್ಮನ್ನು ನಾಳೆ ಬೊಮ್ಮಸಂದ್ರಕ್ಕೆ ರಿಪೇರಿಗೆ ಒಯ್ಯುತ್ತಾರೆ. ವಿಚಾರಣೆ ತಾವಿಲ್ಲದಾಗಲೇ, ಗುರುವಾರ ಮಧ್ಯಾಹ್ನ ಎರಡು ಗಂಟೆಗೆ. ಹಾಜರಾಗುವವರು ಎಂದಿನಂತೆ ಫೋನನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟು ಬರಬೇಕು.