ಸಾಂಬಾರಿನ ಕೇಂದ್ರ ಸಮಿತಿ

ಗುಣವತಿ: ಮತ್ತೊಮ್ಮೆ ಹೇಳಿ. ಕೆಳಗಿನವರು ಮೇಲಿನವರನ್ನು ಆರಿಸುದಾ, ಮೇಲಿನವರು ಕೆಳಗಿನವರನ್ನಾ?

ಸುಬ್ರಾಯ: ಎರಡೂ ಮಾರಾಯ್ತಿ. ಪಕ್ಷದ ಮಹಾಧಿವೇಶನ ಕೇಂದ್ರ ಸಮಿತಿಯನ್ನು ಆರಿಸ್ತದೆ. ಕೇಂದ್ರ ಸಮಿತಿ ಪಾಲಿಟ್‌ಬ್ಯೂರೋವನ್ನು ಆರಿಸ್ತದೆ. ಯಾರನ್ನು ಆರಿಸ್ಬೇಕು ಅಂತ ಪಾಲಿಟ್‌ಬ್ಯೂರೋ ಮೊದಲೇ ಪಟ್ಟಿ ಕೊಟ್ಟಿರ್ತದೆ.

ಚೆನ್ನೈನ ಗಿಂಡಿಯಲ್ಲಿರುವ ಆ ಗಂಡ ಹೆಂಡಿರ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದು ಮೇಜುಗಳು ಖಾಲಿಯಾಗಿದ್ದವು. ಮಗಳು ನಮಿತಾ ಪರೀಕ್ಷೆಗೆ ಓದುತ್ತಿದ್ದ ಪುಸ್ತಕದಲ್ಲಿ, ದೇಶ ಆಳುವ ಕಮ್ಯುನಿಸ್ಟ್ ಪಕ್ಷವೊಂದರ ಕೇಂದ್ರ ಸಮಿತಿಯ ಅಧ್ಯಾಯ ಸುಬ್ರಾಯರ ಕಣ್ಣಿಗೆ ಬಿದ್ದು ವಾರವಾಗಿತ್ತು. ಅಷ್ಟೊಂದು ಜನ ಒಟ್ಟಿಗೆ ಕೈ ಎತ್ತುತ್ತಾರೆಂದು ಓದಿ ಪಾಪ, ಅವರಿಗೆ ಹೊಟ್ಟೆಕಿಚ್ಚಾಯಿತು. ಇಲ್ಲಿ ಹೆಂಡತಿಯೊಬ್ಬಳ ಕೈ ಎತ್ತಿಸಲು ಅವರಿಂದ ಆಗಿರಲಿಲ್ಲ. ಜಗಳ ಒಂದೇ, ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ. ಬೆಲ್ಲ ಅವರ ಅಮ್ಮನ ಕೈಯಳತೆ. ಅದನ್ನು ಬಿಡುವುದೆಂದರೆ ಅವರಿಗೆ ನಿಜವಾಗಿಯೂ ಸಂಕಟ. ಆದ್ದರಿಂದ ಹೋಟೆಲಿಗೂ ತಾವಿಬ್ಬರೇ ಪೂರ್ಣ ಸದಸ್ಯರಾದ ಅಂಥದೊಂದು ಸಮಿತಿ ಮಾಡಲು ನೋಟುಬುಕ್ಕಿನ ತುಂಬ ನಿಯಮ ಬರೆದು ತಂದಿದ್ದರು.

ಗುಣವತಿ: ಗಿರಾಕಿಗಳು “ಸಾಂಬಾರಾ, ಪಾಯಸಮಾ” ಅಂತ ಕೇಳ್ತಾರೆ. ಅದಕ್ಕೆ ಸಮಿತಿ ಎಂತ ಮಾಡ್ತದೆ?

ಸುಬ್ರಾಯ: ಬೆಲ್ಲ ಬೇಕು ಅಂತ ಒಮ್ಮತದಿಂದ ತೀರ್ಮಾನಿಸ್ತದೆ. ಆಮೇಲೆ ಯಾರೂ ತುಟಿಪಿಟಕ್ಕೆನ್ನಬಾರ್ದು. ಎಲ್ಲ ಜನರಿಗೋಸ್ಕರ.

ಗುಣವತಿ: ಪಾಲಿಟ್‌ಬ್ಯೂರೋ ಯಾರು?

ಸುಬ್ರಾಯ: ನಾನು.

ಗುಣವತಿ: ಅದರೊಳಗಿನ ಸ್ಥಾಯಿ ಸಮಿತಿ?

ಸುಬ್ರಾಯ: ನಾನೇ. ಪ್ರಧಾನ ಕಾರ್ಯದರ್ಶಿಯೂ.

ಗುಣವತಿ: ಒಳ್ಳೇದಾಯ್ತು. ಮೂರು ಜನಕ್ಕೂ ಒಂದೇ ಲೋಟ ಕಾಪಿ ಸಾಕು.

ಹೆಡ್ ಅಡುಗೆಯವನಾದ ಪ್ರವೀಣ್ ಕೈ ಒರೆಸಿಕೊಳ್ಳುತ್ತ ಬಂದು ನಿಂತ.

ಪ್ರವೀಣ್: ನಾನು ಯಾರು ಅಣ್ಣ?

ಸುಬ್ರಾಯ: ನೀನು ಪರ್ಯಾಯ ಸದಸ್ಯ. ಸಭೆಯಲ್ಲಿ ಕೂರ್ಬಹುದು, ಮಾತಾಡ್ಬಹುದು. ಓಟಿಲ್ಲ.

ಪ್ರವೀಣ್: ಈಗಲೂ ಹಾಗೇ ಅಲ್ವಾ?

ಸುಬ್ರಾಯ: ಈಗ ಬರವಣಿಗೆಯಲ್ಲಿ ಉಂಟು. ಪೂರ್ಣ ಸದಸ್ಯರ ಜಾಗ ಖಾಲಿಯಾದ್ರೆ ನೀನು ಮೇಲೆ ಬರ್ತಿ.

ಗುಣವತಿ: ತಾಂಬರಂನಲ್ಲಿರುವ ಭಾವ ಸದಸ್ಯರಲ್ವಾ?

ಸುಬ್ರಾಯ: ನನ್ನ ಅಣ್ಣ ಬಂದ್ರೆ ಇಡೀ ದಿನ ಭಾಷಣ. ಅದಕ್ಕೇ ವಯಸ್ಸಿನ ನಿಯಮ ಹಾಕಿದ್ದೇನೆ. ಅಲ್ಲಿ ಅರವತ್ತೆಂಟಕ್ಕೆ ನಿವೃತ್ತಿಯ ವಾಡಿಕೆ ಇತ್ತಂತೆ. ಅಣ್ಣನಿಗೆ ಅಷ್ಟಾಗ್ಲಿಲ್ಲ, ನಾನು ಅರವತ್ತಕ್ಕೆ ಇಳಿಸಿದೆ.

ಗುಣವತಿ: ಒಳ್ಳೇ ನಿಯಮ. ಕೈ ಎತ್ತುವ.

ಇಬ್ಬರೂ ಕೈ ಎತ್ತಿದರು. ಮದುವೆಯಾದ ಮೇಲಿನ ಮೊದಲ ಒಮ್ಮತ. ಸುಬ್ರಾಯರ ಕಣ್ಣು ತುಂಬಿ ಬಂತು.

ಗುಣವತಿ: ಹೋದ ತಿಂಗಳು ತಿರುಕ್ಕಡೈಯೂರಿನ ದೇವಸ್ಥಾನಕ್ಕೆ ಹೋಗಿ ನನಗೆ ಎರಡನೇ ಸಲ ತಾಳಿ ಕಟ್ಟಿದ್ರಲ್ಲ, ಅದು ಎಂತಕ್ಕೆ?

ಸುಬ್ರಾಯ: ನನಗೆ ಅರವತ್ತು ತುಂಬಿತಲ್ಲ, ಅದಕ್ಕೆ.

ಹೇಳಿ ಮುಗಿಸಿದ ಮೇಲೆ ಅವರಿಗೆ ತಮ್ಮ ಮಾತು ಕೇಳಿಸಿತು. ಎತ್ತಿದ ಕೈಯನ್ನು ಮೆಲ್ಲನೆ ಇಳಿಸಿದರು.

ಗುಣವತಿ: ಪ್ರವೀಣ, ಜಾಗ ಖಾಲಿಯಾಯ್ತು, ಮೇಲೆ ಬಾ. ಬೆಲ್ಲ ಬೇಡ ಅನ್ನುವವರು ಕೈ ಎತ್ತಿ.

ಎರಡು ಕೈಗಳು ಎದ್ದವು. ಒಂದಕ್ಕೆ ಇನ್ನೂ ಹಿಟ್ಟು ಅಂಟಿತ್ತು.

ಸುಬ್ರಾಯ: ಹಾಗಾದ್ರೆ ಈಗ ನಾನು ಯಾರು?

ಗುಣವತಿ: ನೀವು ಜನ. ಎಲ್ಲ ಜನರಿಗೋಸ್ಕರ ಅಂತ ನೀವೇ ಹೇಳಿದ್ದಲ್ವಾ? ಕೂತ್ಕೊಳ್ಳಿ, ಬಡಿಸ್ತೇವೆ.

ಸುಬ್ರಾಯ: ಜನರಿಗೆ ಬೆಲ್ಲ ಬೇಕು.

ಗುಣವತಿ ನೋಟುಬುಕ್ಕನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ತಿರುವಿ ನೋಡಿದಳು.

ಗುಣವತಿ: ಜನರನ್ನು ಕೇಳ್ಬೇಕು ಅಂತ ಇದರಲ್ಲಿ ಎಲ್ಲಿಯೂ ಬರೀಲಿಲ್ಲ ಮಾರಾಯ್ರೆ ನೀವು.