ಪಟ್ಟಿಯಲ್ಲಿ ಸೇರಿದ ಕನ್ನಡಕ

ಗುಮಾಸ್ತರಿಗೆ ಒಂದು ಕೆಟ್ಟ ಅಭ್ಯಾಸವಿರುತ್ತದೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದಿಡುವುದು. ಬರೆದ ಮೇಲೆ ಅದು ನಮ್ಮ ಕೈ ತಪ್ಪುತ್ತದೆಂದು ಗೊತ್ತಿದ್ದರೂ ಬರೆಯುತ್ತೇವೆ. ಹೋದ ತಿಂಗಳು ಈ ಅಭ್ಯಾಸದಿಂದಲೇ ನಾನು ಒಂದು ಹಳೆಯ ಕನ್ನಡಕವನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಹುಣಸೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಸಣ್ಣ ಮಠವೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತನಾಗಿದ್ದೇನೆ. ನಮ್ಮಲ್ಲಿ ಸಮಿತಿಯಿಲ್ಲ, ಟ್ರಸ್ಟೂ ಇಲ್ಲ. ಜಮೀನು, ಶಾಲೆ, ಬಾವಿ, ಮೊಹರು ಎಲ್ಲಕ್ಕೂ ಸ್ವಾಮಿಗಳೊಬ್ಬರೇ ಅಧಿಕಾರಿ. ಆದರೆ ಆ ಅಧಿಕಾರ ಪೀಠದ್ದು, ಅದರ ಮೇಲೆ ಕೂತ ಮನುಷ್ಯನದಲ್ಲ. ಮೈಮೇಲಿನ ಬಟ್ಟೆಯೂ ಮಠದ ಸ್ವತ್ತೇ. ಇದರಿಂದ ಫಜೀತಿಗಳೂ ಆಗುತ್ತಿದ್ದವು. ಶಾಲೆಯ ಅಧ್ಯಕ್ಷರೂ ಸ್ವಾಮಿಗಳೇ ಆದ್ದರಿಂದ, ಕೊಠಡಿ ಬೇಕೆಂದು ಅಧ್ಯಕ್ಷರು ಮಠಾಧಿಪತಿಗಳಿಗೆ ಅರ್ಜಿ ಹಾಕಬೇಕಿತ್ತು, ಅಂದರೆ ತಮಗೆ ತಾವೇ. ಒಂದು ಸಲ ಅವರು ತಮ್ಮ ಅರ್ಜಿಯನ್ನು ಎರಡು ಸಾರಿ ಓದಿ ತಿರಸ್ಕರಿಸಿಬಿಟ್ಟರು. "ಸರಿಯಾಗಿ ಬರ್ದಿಲ್ಲ ಕಣ್ಲಾ ಆ ಅಧ್ಯಕ್ಷ. ಇನ್ನೊಂದ್ಸಲ ಬರೀಲಿ" ಎಂದರು.

ಕೋಣೆಯಲ್ಲಿ ಇಬ್ಬರೇ ಇದ್ದಾಗ ಮಾತ್ರ ನನ್ನನ್ನು 'ಲಾ' ಅನ್ನುತ್ತಿದ್ದರು. ಭೇರ್ಯದ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವರು ಕಾವಿ ಉಟ್ಟ ಮೇಲೆ ಹಳೆಯ ಹೆಸರನ್ನು ನಾನು ಒಂದು ದಿನವೂ ಬಾಯಿಗೆ ತರಲಿಲ್ಲ.

ಅವರು ತೀರಿಕೊಂಡ ಮೂರನೇ ದಿನ ಮಠದ ವಕೀಲರು ಹುಣಸೂರಿನಿಂದ ಬಂದರು. ನಾನು ಎಂದಿನಂತೆ ಟಪಾಲನ್ನು ಸಹಿಗಾಗಿ ಸ್ವಾಮಿಗಳ ಮೇಜಿನ ಮೇಲಿಟ್ಟು ಬಾಗಿಲ ಹತ್ತಿರ ಕಾಯುತ್ತ ನಿಂತಿದ್ದೆ. ವಕೀಲರು ಸ್ವಲ್ಪ ಹೊತ್ತು ನನ್ನ ಜೊತೆ ತಾವೂ ನಿಂತರು. ಆಮೇಲೆ ಮೆಲ್ಲಗೆ, "ಹೋದವರು ಮನುಷ್ಯರು ಕಣ್ರೀ. ಪೀಠ ಹೋಗಲ್ಲ, ಖಾಲಿ ಇದೆ ಅಷ್ಟೆ. ಹೊಸಬರು ಬರೋದ್ರೊಳಗೆ ಸಾಮಾನಿನ ಪಟ್ಟಿ ಮಾಡಿಡಿ" ಎಂದರು.

ಮಾಡಿದೆ. ತಾಮ್ರದ ಕೊಡ ಎರಡು. ಕಂಬಳಿ ಮೂರು. ಮರದ ಪಾದುಕೆ ಒಂದು ಜೊತೆ. ಮೇಜಿನ ಮೇಲೆ ಅವರ ಕನ್ನಡಕವಿತ್ತು. ಅದರ ಕಡ್ಡಿ ಮುರಿದಾಗ ನಾನೇ ಬಿಳಿ ದಾರ ಸುತ್ತಿ ಕೊಟ್ಟಿದ್ದೆ. ಜೇಬಿಗೆ ಹಾಕಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನು ಬರೆದೆ: 'ಕನ್ನಡಕ ಒಂದು, ದಾರ ಸುತ್ತಿದ್ದು.' ಸಹಿ ಹಾಕಿ ಮೊಹರು ಒತ್ತಿದ ಮೇಲೆ ತಿಳಿಯಿತು, ಆ ಕೋಣೆಯಲ್ಲಿ ನನಗೆ ಬೇಕಾಗಿದ್ದುದು ಅದೊಂದೇ.

ಹೊಸ ಸ್ವಾಮಿಗಳು ಪಿರಿಯಾಪಟ್ಟಣದ ಕಡೆಯವರು, ವಯಸ್ಸಿನಲ್ಲಿ ನನ್ನ ಮಗನಷ್ಟಿರಬಹುದು. ಕನ್ನಡಕ ಕೋರಿ ಅರ್ಜಿ ಕೊಟ್ಟೆ. ಓದಿ ಕೇಳಿದರು, "ಇದನ್ನ ಕೊಡೋ ಅಧಿಕಾರ ನನಗಿದೆಯಾ?"

ನಿಯಮ ಬಲ್ಲವನು ನಾನೊಬ್ಬನೇ. "ಇಲ್ಲ ಬುದ್ದಿ. ಮಠದ ಸ್ವತ್ತನ್ನ ಇಷ್ಟ ಬಂದವರಿಗೆ ಕೊಡೋ ಹಾಗಿಲ್ಲ" ಎಂದೆ. ನನ್ನ ಅರ್ಜಿಯನ್ನು ನಾನೇ ತಿರಸ್ಕರಿಸಿದಂತಾಯಿತು. ನನ್ನೊಳಗೆ ಆ ಬೆಂಚಿನ ಗೆಳೆಯ ನಕ್ಕಂತಾಯಿತು.

ಹೊಸ ಸ್ವಾಮಿಗಳು ಅರ್ಜಿಯನ್ನು ಮಡಚಿಟ್ಟರು. "ಸ್ವತ್ತು ಕಾಯೋದು ಯಾರ ಕೆಲಸ?"

"ಗುಮಾಸ್ತಂದು ಬುದ್ದಿ."

"ಹಾಗಾದ್ರೆ ಮನೇಲಿಟ್ಟು ಕಾಯಿರಿ. ವರ್ಷಕ್ಕೊಂದ್ಸಲ ತಂದು ತೋರ್ಸಿ, ಸಾಕು."

ಮನೆಯಲ್ಲಿ ಹೆಂಡತಿ, "ಯಾರದ್ರೀ ಇದು?" ಎಂದಳು.

"ಮಠದ್ದು."

ಅವಳೂ ಭೇರ್ಯದವಳೇ. ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. "ಬುಡ್ರಿ. ಇದು ಸಿದ್ದಣ್ಣಂದು" ಎಂದಳು. ನಾನು ಇಷ್ಟು ವರ್ಷ ಹೇಳದ ಹೆಸರನ್ನು ಅವಳು ಕಾಫಿ ಲೋಟ ತೊಳೆಯುತ್ತ ಹೇಳಿದ್ದಳು. ಆಮೇಲೆ ಕೈ ಒರೆಸಿಕೊಂಡು, "ದಾರ ಕೊಳೆಯಾಗೈತೆ, ಬೇರೆ ಸುತ್ಲಾ?" ಎಂದಳು.

"ಬ್ಯಾಡ. ಪಟ್ಟೀಲಿ ಇದೇ ದಾರ ಅಂತ ಬರ್ದೈತೆ" ಎಂದೆ.

ಪಟ್ಟಿಯಲ್ಲಿ ದಾರ ಎಂದಷ್ಟೇ ಇದೆ. ಯಾವ ದಾರವಾದರೂ ನಡೆಯುತ್ತಿತ್ತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ದಾಖಲೆಯ ವಿಷಯವಾಗಿ ನಾನು ಹೇಳಿದ ಸುಳ್ಳು ಇದೊಂದೇ.