ನೂರ ಹನ್ನೊಂದನೆಯ ಗಣಕಯಂತ್ರ

ಮಂಗಳೂರು ನಗರದಲ್ಲಿ ೧೯೯೦ಕ್ಕೆ ಮೊದಲು ಇದ್ದ ಗಣಕಯಂತ್ರಗಳ ಸಂಖ್ಯೆ ನೂರ ಹನ್ನೊಂದು. ಹಳೆಯ ಯಂತ್ರಗಳ ದೃಶ್ಯದಾಖಲೆ ಇಲಾಖೆಯು ಈ ಸಂಖ್ಯೆಯನ್ನು ಮೊದಲು ಪ್ರಕಟಿಸಿ, ಆಮೇಲೆ ಎಣಿಕೆ ಆರಂಭಿಸಿತು. ಎಣಿಕೆ ಎರಡು ವರ್ಷ ನಡೆದು ನೂರ ಹತ್ತು ಯಂತ್ರಗಳ ಗುರುತು ಹತ್ತಿತು. ಉಳಿದ ಒಂದು, ನಾನು ಕೊಟ್ಟ ವಿಡಿಯೋ ಕ್ಯಾಸೆಟ್ಟಿನಲ್ಲಿತ್ತು.

ಇಲಾಖೆಯ ಕೆಲಸದ ಕ್ರಮವನ್ನು ಇಲ್ಲಿ ಹೇಳಬೇಕು. ಅದು ಯಂತ್ರಗಳನ್ನು ನೋಡುವುದಿಲ್ಲ. ಯಂತ್ರಗಳಿರುವ ಹಳೆಯ ವಿಡಿಯೋಗಳನ್ನು ಮಾತ್ರ ನೋಡುತ್ತದೆ. ಬ್ಯಾಂಕಿನ ಶಾಖೆಯ ಉದ್ಘಾಟನೆ, ಶಾಲಾ ವಾರ್ಷಿಕೋತ್ಸವ, ಆಫೀಸಿನ ಬೀಳ್ಕೊಡುಗೆ ಮುಂತಾದವುಗಳ ಹಿನ್ನೆಲೆಯಲ್ಲಿ ಎಲ್ಲಾದರೂ ಕಂಪ್ಯೂಟರ್ ಕಂಡರೆ ಅದರ ಕಂಪೆನಿ, ಮಾದರಿ, ಊರು ಪತ್ತೆ ಮಾಡಿ ದಾಖಲಿಸುತ್ತದೆ. ಒಮ್ಮೆ ಕಾಟಿಪಳ್ಳದ ಒಬ್ಬರು ತಮ್ಮ ಹಳೆಯ ಕಂಪ್ಯೂಟರನ್ನೇ ರಿಕ್ಷಾದಲ್ಲಿ ಹಾಕಿಕೊಂಡು ಬಂದಿದ್ದರು. ಇದರ ವಿಡಿಯೋ ಇದ್ದರೆ ತನ್ನಿ, ಇದು ಬೇಡ ಎಂದು ಅವರನ್ನು ಅದೇ ರಿಕ್ಷಾದಲ್ಲಿ ಹಿಂದೆ ಕಳುಹಿಸಲಾಯಿತು.

ಪ್ರಕಟಣೆಯಲ್ಲಿ ಹೀಗಿತ್ತು: "ಸಾರ್ವಜನಿಕರು ತಮ್ಮಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಇಲಾಖೆಗೆ ಒಪ್ಪಿಸತಕ್ಕದ್ದು. ಕ್ಯಾಸೆಟ್ಟನ್ನು ಹೊಸ ವಿಧಾನಕ್ಕೆ ಪರಿವರ್ತಿಸಿ, ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಉಚಿತವಾಗಿ ನೀಡಲಾಗುವುದು."

ನಾನು ಕ್ಯಾಸೆಟ್ಟು ಕೊಟ್ಟದ್ದು ಆ ಕೊನೆಯ ವಾಕ್ಯಕ್ಕಾಗಿ. ಅದು ೧೯೮೯ರ ಸೆಪ್ಟೆಂಬರ್ ಐದರಂದು ಕುಲಶೇಖರದ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೋಣೆಯ ಉದ್ಘಾಟನೆ ಆದಾಗ ತೆಗೆದದ್ದು. ಮುಖ್ಯ ಅತಿಥಿಗಳು ಯಂತ್ರದ ಕಡೆಗೆ ಕೈ ಚಾಚುತ್ತಾರೆ. ಪಕ್ಕದಲ್ಲಿ ನಿಂತ ಕರಕುಶಲ ಶಿಕ್ಷಕಿ ಮುಂದೆ ಬಂದು, "ಸರ್, ಮುಟ್ಬೇಡಿ, ಇನ್ನೂ ಒಣಗ್ಲಿಲ್ಲ" ಎಂದು ಹೇಳಿ, ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಒಟ್ಟು ಹನ್ನೊಂದು ಸೆಕೆಂಡು. ಶಿಕ್ಷಕಿ ನೀರಜಾಕ್ಷಿ, ನನ್ನ ಹೆಂಡತಿ. ತೀರಿಕೊಂಡು ಎರಡು ವರ್ಷ ನಾಲ್ಕು ತಿಂಗಳು. ನಮ್ಮ ಮದುವೆಗೆ ವಿಡಿಯೋ ಮಾಡಿಸಿರಲಿಲ್ಲ. ಅವಳ ಸ್ವರ ಇರುವುದು ಆ ಹನ್ನೊಂದು ಸೆಕೆಂಡಿನಲ್ಲಿ ಮಾತ್ರ.

ಕ್ಯಾಸೆಟ್ಟು ಪರಿವರ್ತನೆಯಾಯಿತು. ಪರಿವರ್ತನೆಯಾದ ಮೂಲವನ್ನು ನಾಶಪಡಿಸಬೇಕೆಂಬ ನಿಯಮದಂತೆ ನಾಶವೂ ಆಯಿತು. ಪೆನ್‌ಡ್ರೈವ್ ಕೇಳಲು ಹೋದಾಗ ಅಧೀಕ್ಷಕಿ ಗೆರ್ಟ್ರೂಡ್ ಮೇಡಂ ನಿಯಮಾವಳಿಯ ಪುಸ್ತಕ ತೆರೆದರು. ಅವರು ಆ ಪುಸ್ತಕವನ್ನು ಪ್ರಾರ್ಥನೆಯ ಪುಸ್ತಕದ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು.

"ಕೊಡ್ಲಿಕ್ಕೆ ಆಗುದಿಲ್ಲ ಮಾಸ್ಟ್ರೇ. ಮೆಷಿನ್ ಯಾವುದು ಅಂತ ಗೊತ್ತಾಗದೆ ಕಾಪಿ ಕೊಡ್ಲಿಕ್ಕಿಲ್ಲ. ನಿಯಮ ಒಂಬತ್ತು."

"ಗೊತ್ತಾಗದಿದ್ದರೆ?"

"ಮಾರ್ಚ್ ಮೂವತ್ತೊಂದಕ್ಕೆ ಡಿಲೀಟ್. ನಿಯಮ ಹತ್ತು." ಅವರು ಪುಟ ಮಗುಚಿ ಖಚಿತಪಡಿಸಿಕೊಂಡರು. "ಸಂಜೆ ಐದೂವರೆಗೆ."

ಅಂದು ಫೆಬ್ರವರಿ ಇಪ್ಪತ್ತಾರು.

ಗುರುತಿಸುವ ಸಮಿತಿಯು ಪ್ರತಿ ಮಂಗಳವಾರ ಮೂರು ಗಂಟೆಗೆ ಸೇರುತ್ತಿತ್ತು. ಕ್ಯಾಸೆಟ್ಟಿನ ವಾರಸುದಾರನೆಂದು ನನಗೂ ಒಂದು ಕುರ್ಚಿ ಇತ್ತು. ಅಧ್ಯಕ್ಷರು ಯೋಜನಾಧಿಕಾರಿ ಮುಖೇಶ್, ಚುರುಕಿನ ಮನುಷ್ಯ. ತಜ್ಞರು ಬಾಸಿತ್, ಸೌದಿಯ ದಮಾಮ್‌ನಲ್ಲಿ ಹದಿನೆಂಟು ವರ್ಷ ಕಂಪ್ಯೂಟರ್ ರಿಪೇರಿ ಮಾಡಿ ಬಂದವರು. ಚಹಾ ತರಲು ಮತ್ತು ಪರದೆ ಇಳಿಸಲು ಮಾಯಿಲಪ್ಪ.

ಮೊದಲ ಮಂಗಳವಾರ ಹನ್ನೊಂದು ಸೆಕೆಂಡುಗಳನ್ನು ಆರು ಬಾರಿ ನೋಡಲಾಯಿತು. ಸಭೆಗೆ ಅದು ತೊಂದರೆಯ ಕೆಲಸವಾಗಿತ್ತು. ನನಗೆ ಆಗಿರಲಿಲ್ಲ.

"ಜರ್ಮನಿಯದ್ದು," ಎಂದರು ಬಾಸಿತ್. "ಕೀಲಿ ಹದಿನಾಲ್ಕೇ ಉಂಟು ನೋಡಿ. ಜರ್ಮನಿಯವ್ರು ಬೇಡದ್ದು ಎಂತದೂ ಇಡುದಿಲ್ಲ."

ಎರಡನೆಯ ಮಂಗಳವಾರ ಅವರು ಯಂತ್ರದ ದಪ್ಪ ನೋಡಿ ರಷ್ಯದ್ದು ಎಂದರು. ಮೂರನೆಯ ಮಂಗಳವಾರ, ಏಳನೆಯ ತರಗತಿಯ ಒಬ್ಬ ಹುಡುಗಿ ಅಷ್ಟು ದೊಡ್ಡ ಯಂತ್ರವನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕೆ ಸರಿಸುವುದು ಚಿತ್ರದ ಅಂಚಿನಲ್ಲಿ ಕಂಡಿತು.

"ಜಪಾನ್," ಎಂದರು ಬಾಸಿತ್. "ಇಷ್ಟು ಹಗುರ ಬೇರೆ ಯಾರಿಗೂ ಮಾಡ್ಲಿಕ್ಕೆ ಬರುದಿಲ್ಲ."

"ಪರದೆಯಲ್ಲಿ ಕನ್ನಡದಲ್ಲಿ 'ಸ್ವಾಗತ' ಅಂತ ಉಂಟಲ್ಲ?" ಎಂದು ಗೆರ್ಟ್ರೂಡ್ ಮೇಡಂ ಕೇಳಿದರು.

ಮುಖೇಶ್ ಕುರ್ಚಿಯಿಂದ ಎದ್ದೇಬಿಟ್ಟರು. "ಎಂಬತ್ತೊಂಬತ್ತರಲ್ಲಿ ಕನ್ನಡ ಬರುವ ಜಪಾನಿ ಮೆಷಿನ್! ಅದೂ ಕುಲಶೇಖರದಲ್ಲಿ! ಇದು ಬೆಂಗಳೂರಿಗೆ ಹೋಗ್ಬೇಕು ಮಾರಾಯ್ರೇ."

"ಆ ಟೀಚರ್ ಎಂತ ಹೇಳುದು? ಒಣಗ್ಲಿಲ್ಲ ಅಂತಲಾ?" ಎಂದು ಗೆರ್ಟ್ರೂಡ್ ಮೇಡಂ ಪುನಃ ಕೇಳಿದರು.

"ವಾಟರ್ ಕೂಲಿಂಗ್," ಎಂದರು ಬಾಸಿತ್, ಸ್ವರ ತಗ್ಗಿಸಿ. "ಒಳಗೆ ನೀರು ಹಾಯಿಸಿ ತಂಪು ಮಾಡುದು. ಭಾರೀ ದೊಡ್ಡ ಮೆಷಿನ್‌ಗೆ ಮಾತ್ರ ಇರ್ತದೆ. ಆ ಟೀಚರಿಗೆ ಒಳ್ಳೆ ಟ್ರೈನಿಂಗ್ ಆಗಿದೆ."

ಚಹಾದ ಲೋಟ ಇಡುತ್ತಿದ್ದ ಮಾಯಿಲಪ್ಪ ಪರದೆಯನ್ನು ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿ ತುಳುವಿನಲ್ಲಿ ಕೇಳಿದರು. "ಉಂದು ಚೆನ್ನೆಮಣೆ ಅತ್ತಾ ಮಾಸ್ಟ್ರೇ?"

ಹೌದು, ಅದು ಚೆನ್ನೆಮಣೆಯೇ, ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆ. ಇದನ್ನು ಮಾಯಿಲಪ್ಪ ಗಟ್ಟಿಯಾಗಿ ಹೇಳಿದ್ದರೂ ಪ್ರಯೋಜನವಿರಲಿಲ್ಲ. ಚಹಾ ತರುವವರ ಅಭಿಪ್ರಾಯ ಬರೆಯಲು ನಮೂನೆಯಲ್ಲಿ ಕಾಲಂ ಇಲ್ಲ.

ನಡೆದದ್ದು ಇಷ್ಟು. ಆ ವರ್ಷ ಶಾಲೆಗೆ ಬರಬೇಕಿದ್ದ ಕಂಪ್ಯೂಟರ್ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಲಾರಿಯಲ್ಲೇ ಸಿಕ್ಕಿಬಿದ್ದಿತ್ತು. ಉದ್ಘಾಟನೆಯ ಕಾಗದ ಹಂಚಿಯಾಗಿತ್ತು. ನೀರಜಾಕ್ಷಿ ಒಂದೇ ದಿನದಲ್ಲಿ ಥರ್ಮೋಕೋಲಿನ ಪೆಟ್ಟಿಗೆ ಮಾಡಿ, ಮುಂದೆ ನೀಲಿ ಜಿಲೇಟಿನ್ ಕಾಗದ ಅಂಟಿಸಿ, 'ಸ್ವಾಗತ' ಬರೆದು, ಹಿಂದೆ ನಲವತ್ತು ವಾಟಿನ ಬಲ್ಬು ಇಟ್ಟಳು. ಕೀಲಿಗಳಿಗೆ ಎಂತ ಮಾಡುವುದು ಎಂದು ತೋಚದೆ, ಶಕ್ತಿನಗರದ ನಮ್ಮ ಮನೆಯ ಅಟ್ಟದಿಂದ ಚೆನ್ನೆಮಣೆ ಇಳಿಸಿದಳು. ಎರಡು ಸಾಲು, ಸಾಲಿಗೆ ಏಳು ಗುಳಿ. ಪ್ರತಿ ಗುಳಿಗೂ ಟಾನಿಕ್ ಬಾಟ್ಲಿಯ ಮುಚ್ಚಳ ಕವುಚಿ ಕಪ್ಪು ಬಣ್ಣ ಬಳಿದಳು. ಚೆನ್ನೆ ಆಡುವುದು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ; ಅದು ಕಳೆದಿದ್ದರಿಂದ ಮಣೆ ಖಾಲಿ ಇತ್ತು. ಆಟಿ ಆಗಿದ್ದರೆ ನನ್ನ ಅಮ್ಮ ಅದನ್ನು ಯಾವ ಸರಕಾರಕ್ಕೂ ಬಿಟ್ಟುಕೊಡುತ್ತಿರಲಿಲ್ಲ.

ಇಪ್ಪತ್ತು ದಿನದ ನಂತರ ನಿಜವಾದ ಕಂಪ್ಯೂಟರ್ ಬಂತು. ಅದರ ವಿಡಿಯೋ ಯಾರೂ ತೆಗೆಯಲಿಲ್ಲ. ಆದ್ದರಿಂದ ಇಲಾಖೆಯ ಪ್ರಕಾರ ಅದು ಬಂದಿಲ್ಲ.

ನಾನು ಗಣಿತದ ಮಾಸ್ಟ್ರು. ಅರ್ಧ ಅಂಕವನ್ನೂ ಸುಮ್ಮನೆ ಕೊಟ್ಟು ಅಭ್ಯಾಸವಿಲ್ಲ. ನಾಲ್ಕನೆಯ ಮಂಗಳವಾರ, ಮಾರ್ಚ್ ಇಪ್ಪತ್ತನಾಲ್ಕರಂದು, ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಮುಗಿದ ಮೇಲೆ ಮುಖೇಶ್ ಬಹಳ ಮೃದುವಾಗಿ ಕೇಳಿದರು:

"ಅಂದ್ರೆ ಅದು ಕಂಪ್ಯೂಟರ್ ಅಲ್ಲ ಅಂತ ನೀವು ಹೇಳುದಾ ಮಾಸ್ಟ್ರೇ?"

"ಅಲ್ಲ."

"ಹಾಗೆ ಹೇಳ್ಲಿಕ್ಕಾಗುದಿಲ್ಲ. ನೂರ ಹನ್ನೊಂದು ಅಂತ ಮೇಲೆ ಬರೆದು ಕಳಿಸಿ ಆಗಿದೆ. ನೂರ ಹತ್ತು ಅಂತಾದ್ರೆ ಒಂದು ಕಂಪ್ಯೂಟರ್ ಎಲ್ಲಿ ಹೋಯ್ತು ಅಂತ ನನ್ನನ್ನು ಕೇಳ್ತಾರೆ. ನಾನೆಂತ ಹೇಳ್ಲಿ, ಚೆನ್ನೆ ಆಡಿ ಸೋತೆ ಅಂತಲಾ?"

ಗೆರ್ಟ್ರೂಡ್ ಮೇಡಂ ಪುಸ್ತಕ ತೆರೆದಿದ್ದರು. "ಮತ್ತೊಂದು ಉಂಟು ಮಾಸ್ಟ್ರೇ. ಕಂಪ್ಯೂಟರ್ ಇಲ್ಲದ ವಿಡಿಯೋ ನಮ್ಮ ಯೋಜನೆಯೊಳಗೆ ಬರುದೇ ಇಲ್ಲ. ನಿಯಮ ಮೂರು. ಅದಕ್ಕೆ ಮೂವತ್ತೊಂದರವರೆಗೂ ಟೈಮ್ ಇಲ್ಲ. ಈಗ್ಲೇ ಡಿಲೀಟ್ ಮಾಡ್ಬೇಕು."

ಅವರ ಕೈ ಮೌಸಿನ ಮೇಲಿತ್ತು. ಪರದೆಯಲ್ಲಿ ನೀರಜಾಕ್ಷಿ ಸೆರಗು ಬಾಯಿಗೆ ಒಯ್ಯುವ ಮುಂಚಿನ ಭಂಗಿಯಲ್ಲಿ ನಿಂತಿದ್ದಳು.

"ಮಾಡಬೇಡಿ," ಎಂದೆ. "ನಾನು ನಮೂನೆ ತುಂಬಿಸಿ ಕೊಡ್ತೇನೆ."

"ಹಾಗೆ ಬನ್ನಿ ದಾರಿಗೆ," ಎಂದರು ಮುಖೇಶ್.

ಯಂತ್ರದ ಗುರುತು ಬರೆದುಕೊಡುವ ನಮೂನೆ 'ಗ' ಎಂಬುದು ನಾಲ್ಕು ಪುಟದ್ದು. ಮನೆಗೆ ಒಯ್ದು ಎರಡು ಸಂಜೆ ಕುಳಿತು ತುಂಬಿಸಿದೆ. ಅದರಲ್ಲಿ ಒಂದು ಸುಳ್ಳೂ ಇರಬಾರದೆಂದು ಮೂರು ಬಾರಿ ತಾಳೆ ನೋಡಿದೆ. ತಯಾರಕರ ಹೆಸರು: ನೀರಜಾಕ್ಷಿ. ತಯಾರಾದ ಸ್ಥಳ: ಶಕ್ತಿನಗರ, ಮಂಗಳೂರು. ವರ್ಷ: ೧೯೮೯. ತಯಾರಾದ ಯಂತ್ರಗಳ ಸಂಖ್ಯೆ: ಒಂದು. ಹೊರಕವಚ: ಥರ್ಮೋಕೋಲ್. ಕೀಲಿಮಣೆ: ಹಲಸಿನ ಮರ. ವಿದ್ಯುತ್ ಬಳಕೆ: ನಲವತ್ತು ವಾಟ್. ತಯಾರಕರ ಸೂಚನೆ: ಮುಟ್ಟಬೇಡಿ, ಇನ್ನೂ ಒಣಗಿಲ್ಲ. ವಿಶೇಷ ಷರತ್ತು ಎಂಬಲ್ಲಿ, ಆಟಿ ತಿಂಗಳಲ್ಲಿ ಕೀಲಿಮಣೆಯು ಮನೆಯಲ್ಲಿಯೇ ಇರತಕ್ಕದ್ದು ಎಂದು ಬರೆದೆ. ಅಮ್ಮ ಈಗಿಲ್ಲದಿದ್ದರೂ ಷರತ್ತು ಅವಳದ್ದು. ತಯಾರಕರ ಈಗಿನ ಸ್ಥಿತಿ ಎಂಬ ಕಾಲಮನ್ನು ಕೊನೆಗೆ ತುಂಬಿಸಿದೆ: ಈಗಿಲ್ಲ.

ಮಾರ್ಚ್ ಮೂವತ್ತೊಂದು ಮಂಗಳವಾರವೇ ಆಗಿತ್ತು. ಮೂರು ಗಂಟೆಗೆ ಸಮಿತಿ ಸೇರಿ ನಮೂನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿತು. ಥರ್ಮೋಕೋಲ್ ಎಂಬಲ್ಲಿ ಮುಖೇಶ್ ತಲೆದೂಗಿದರು. "ನೋಡಿ, ಭಾರ ಕಡಿಮೆ ಮಾಡ್ಲಿಕ್ಕೆ." ಕಳೆದ ವಾರ ನಾನು ಇದೇ ಮಾತು ಹೇಳಿದ್ದು ಯಾರಿಗೂ ನೆನಪಾಗಲಿಲ್ಲ; ಅದು ಬಾಯಿಮಾತು, ಇದು ನಮೂನೆಯಲ್ಲಿದ್ದದ್ದು.

ಬಾಸಿತ್ ತಯಾರಕರ ಹೆಸರಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರು. "ನೀರಜಾಕ್ಷಿ... ಹೌದು, ಹೌದು. ದಮಾಮ್‌ನಲ್ಲಿ ನನ್ನ ಕೈಗೆ ಒಂದು ಬಂದಿತ್ತು."

"ಹೌದಾ?" ಎಂದೆ. "ಹೇಗಿತ್ತು?"

"ಗಟ್ಟಿ ಮಾಲು ಮಾಸ್ಟ್ರೇ. ಹಾಗೆಲ್ಲ ಹಾಳಾಗುದಿಲ್ಲ. ಆದ್ರೆ ಹಾಳಾದ್ರೆ ಮತ್ತೆ ಅಂಥದ್ದು ಸಿಗುದಿಲ್ಲ."

"ಸಿಗುವುದಿಲ್ಲ," ಎಂದೆ.

"ಒಳ್ಳೊಳ್ಳೆದ್ದೇ ಬೇಗ ನಿಂತು ಹೋಗುದು," ಎಂದು ಅವರು ಸಹಿ ಹಾಕಿದರು. ಇಡೀ ಸಮಿತಿಯ ನಡಾವಳಿಯಲ್ಲಿ ನಾನು ಪೂರ್ತಿ ಅಂಕ ಕೊಡಬಹುದಾದ ವಾಕ್ಯ ಅದೊಂದೇ.

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಗೆರ್ಟ್ರೂಡ್ ಮೇಡಂ ಪೆನ್‌ಡ್ರೈವನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೊಹರು ಹಾಕಿ ಕೊಟ್ಟರು. ಲಕೋಟೆ ಕೈಬಿಡುವ ಮೊದಲು, "ಟೀಚರ್ ನಗುದು ಚಂದ ಉಂಟು ಮಾಸ್ಟ್ರೇ. ನಾನು ಊಟದ ಹೊತ್ತಿಗೆ ಒಂದೆರಡು ಸಲ ಸುಮ್ಮನೆ ಹಾಕಿ ನೋಡಿದ್ದೇನೆ. ಅದಕ್ಕೆ ನಿಯಮ ಇಲ್ಲ" ಎಂದರು.

ಮರುದಿನ ಇಲಾಖೆಯ ಪ್ರಕಟಣೆ ಬಂತು: ನೂರ ಹನ್ನೊಂದಕ್ಕೆ ನೂರ ಹನ್ನೊಂದು. ಮಂಗಳೂರಿನಲ್ಲಿಯೇ ತಯಾರಾಗಿ, ಕನ್ನಡ ತೋರಿಸುತ್ತಿದ್ದ ನೀರಜಾಕ್ಷಿ ಗಣಕಯಂತ್ರವು ನಗರದ ಹೆಮ್ಮೆ ಎಂದು ಅದರಲ್ಲಿತ್ತು. ವಾರದೊಳಗೆ ಒಂಬತ್ತು ಮಂದಿ ತಾವು ನೀರಜಾಕ್ಷಿಯಲ್ಲಿ ಕೆಲಸ ಕಲಿತವರೆಂದು ಪತ್ರ ಬರೆದರು. ಕಾಟಿಪಳ್ಳದ ಆ ಮನುಷ್ಯ ಪುನಃ ರಿಕ್ಷಾದಲ್ಲಿ ಬಂದು, ತನ್ನದು ನೀರಜಾಕ್ಷಿಗಿಂತ ಒಂದು ವರ್ಷ ಹಿಂದಿನದು ಎಂದರು. ವಿಡಿಯೋ ಇದೆಯೇ ಎಂದು ಇಲಾಖೆಯವರು ಕೇಳಿದರು. ಇರಲಿಲ್ಲ.

ಮೇ ತಿಂಗಳಲ್ಲಿ ಇಲಾಖೆಯು ಆ ಯಂತ್ರವನ್ನು ಸಾರ್ವಜನಿಕರ ವೀಕ್ಷಣೆಗೆ ಇಡಲು ತೀರ್ಮಾನಿಸಿತು. ಮೂಲ ಯಂತ್ರ ಎಲ್ಲಿದೆ ಎಂದು ನನ್ನನ್ನು ಕೇಳಿತು. ಕೀಲಿಮಣೆ ಇದೆ, ಉಳಿದದ್ದನ್ನು ಪುನಃ ಮಾಡಬೇಕು ಎಂದೆ. ಅದಕ್ಕೆ ಪುನರುಜ್ಜೀವನ ಎಂದು ಹೆಸರಿಟ್ಟು ಆದೇಶ ಹೊರಡಿಸಿದರು. ಮಾಯಿಲಪ್ಪ ನನ್ನ ಮನೆಗೆ ಬಂದು ಥರ್ಮೋಕೋಲ್ ಕತ್ತರಿಸಿದರು. ನಾನು ಜಿಲೇಟಿನ್ ಅಂಟಿಸಿದೆ. ಅವಳ ಹಾಗೆ ಅಂಚು ಕೂರಿಸಲು ನನಗೆ ಬರಲಿಲ್ಲ. ಪೆನ್‌ಡ್ರೈವ್ ಹಾಕಿ, ಅಂಚು ಕಾಣುವಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆವು.

"ಟೀಚರ್ ನಮಗೆ ಪಾಠ ಮಾಡಿದ ಹಾಗೆಯೇ ಆಯ್ತಲ್ಲ," ಎಂದರು ಮಾಯಿಲಪ್ಪ.

ಉದ್ಘಾಟನೆಯ ದಿನ ಸಭಾಂಗಣ ತುಂಬಿತ್ತು. ಮುಖೇಶ್ ಸ್ವಾಗತಿಸಿದರು. ಬಾಸಿತ್ ನೀರು ಹಾಯುವ ದಾರಿಯನ್ನು ವಿವರಿಸಿದರು. ಬಲ್ಬು ಉರಿದು 'ಸ್ವಾಗತ' ಕಂಡಾಗ ಚಪ್ಪಾಳೆ ಬಿತ್ತು. ಬೆಂಗಳೂರಿನಿಂದ ಬಂದಿದ್ದ ಮುಖ್ಯ ಅತಿಥಿಗಳು ಸಂತೋಷದಿಂದ ಕೀಲಿಮಣೆಯ ಕಡೆಗೆ ಕೈ ಚಾಚಿದರು.

ಗೆರ್ಟ್ರೂಡ್ ಮೇಡಂ ಮುಂದೆ ಬಂದು, ತಯಾರಕರ ಸೂಚನೆಯನ್ನು ಇದ್ದ ಹಾಗೆ ಹೇಳಿದರು: "ಸರ್, ಮುಟ್ಬೇಡಿ, ಇನ್ನೂ ಒಣಗ್ಲಿಲ್ಲ."

ಅತಿಥಿಗಳು ಗೌರವದಿಂದ ಕೈ ಹಿಂದೆ ತೆಗೆದುಕೊಂಡರು. ವಿಡಿಯೋದವನು ಅದನ್ನು ಹತ್ತಿರದಿಂದ ತೆಗೆದ. ಮಾತು ನಿಜವೂ ಆಗಿತ್ತು; ಮುಚ್ಚಳಗಳಿಗೆ ನಾನು ಬಣ್ಣ ಬಳಿದದ್ದು ಹಿಂದಿನ ಸಂಜೆ.